ಡೊಮೇನ್ ಹೆಸರು ಕೊಳ್ಳುವುದು, ಇಟ್ಟುಕೊಳ್ಳುವುದು, ಮಾರುವುದು: ದುಡ್ಡು ಕಟ್ಟುವ ಮೊದಲು ಗಿರಾಕಿ ಯಾರು ಅಂತ ಯೋಚಿಸಿ

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಂಡು ಮಾರುವ ವ್ಯವಹಾರದ ಬಗ್ಗೆ ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಜನ ವಾಯ್ಸ್ ಡಾಟ್ ಕಾಮ್ ಕತೆ ಓದಿಕೊಂಡೇ ಬಂದಿರುತ್ತಾರೆ. 2019ರಲ್ಲಿ ಆ ಒಂದು ಹೆಸರು 3 ಕೋಟಿ ಡಾಲರಿಗೆ ಮಾರಾಟ ಆಯ್ತು, ಅದು ನಿಜ. ಆದರೆ ಅದನ್ನು ನೋಡಿ ಒಂದೇ ವಾರದಲ್ಲಿ ಐವತ್ತು ಹೆಸರು ಕೊಂಡವರು ಮರುವರ್ಷ ರಿನ್ಯೂವಲ್ ಬಿಲ್ ಬಂದಾಗ ಮತ್ತೆ ಫೋನ್ ಮಾಡುತ್ತಾರೆ, ಈಗ ಏನು ಮಾಡಲಿ ಅಂತ. ಕೆಲಸದ ಜೊತೆಗೆ ಒಂಬತ್ತು ವರ್ಷದಿಂದ ನಾನು ಇದನ್ನು ಮಾಡುತ್ತಿದ್ದೇನೆ. ಕಲಿತದ್ದನ್ನೆಲ್ಲ ಒಂದೇ ಕಡೆ ಬರೆದಿಟ್ಟರೆ ಯಾರದ್ದಾದರೂ ಒಂದಿಷ್ಟು ದುಡ್ಡು ಉಳಿಯಬಹುದು ಅನ್ನಿಸಿತು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ನಾವು "ಕೊಂಡೆ" ಅಂತೀವಿ, ಆದರೆ ಇದು ಕ್ರಯ ಅಲ್ಲ, ಗುತ್ತಿಗೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ದುಡ್ಡು ಕಟ್ಟಬಹುದು, ಕಟ್ಟುವುದು ನಿಲ್ಲಿಸಿದರೆ ಹೆಸರು ಕೈಬಿಡುತ್ತದೆ. ಡಾಟ್ ಕಾಮ್ ಹೆಸರುಗಳ ಪಟ್ಟಿ ಇರುವುದು ವೆರಿಸೈನ್ ಅನ್ನುವ ಅಮೆರಿಕದ ಕಂಪನಿಯ ಹತ್ತಿರ, ಡಾಟ್ ಇನ್ ಪಟ್ಟಿ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ. ಗೋಡ್ಯಾಡಿ, ನೇಮ್‌ಚೀಪ್, ಬಿಗ್‌ರಾಕ್ ಇವೆಲ್ಲ ನಡುವೆ ನಿಂತು ಮಾರುವ ರಿಜಿಸ್ಟ್ರಾರ್‌ಗಳು. ವೆರಿಸೈನ್ 2024ರ ಸೆಪ್ಟೆಂಬರಿನಲ್ಲಿ ಒಂದು ಡಾಟ್ ಕಾಮ್‌ಗೆ ರಿಜಿಸ್ಟ್ರಾರ್ ಕೊಡಬೇಕಾದ ವರ್ಷದ ದರವನ್ನು 10.26 ಡಾಲರಿಗೆ ಏರಿಸಿತು. ಅಂದಮೇಲೆ ಯಾರಾದರೂ 99 ರೂಪಾಯಿಗೆ ಡಾಟ್ ಕಾಮ್ ಕೊಡುತ್ತಿದ್ದಾರೆ ಅಂದರೆ ಅದು ಮೊದಲ ವರ್ಷಕ್ಕೆ ಮಾತ್ರ. ಕಾರ್ಟಿಗೆ ಹಾಕುವ ಮುಂಚೆ ರಿನ್ಯೂವಲ್ ದರ ಎಷ್ಟು ಅಂತ ಹುಡುಕಿ ನೋಡಿ, ಸಣ್ಣ ಅಕ್ಷರದಲ್ಲಿ ಎಲ್ಲೋ ಬರೆದಿರುತ್ತಾರೆ. ಡಾಟ್ ಆನ್‌ಲೈನ್, ಡಾಟ್ ಸೈಟ್ ಥರದ ಹೊಸ ಬಾಲಗಳಲ್ಲಂತೂ ಮೊದಲ ವರ್ಷ ನೂರಿನ್ನೂರು ರೂಪಾಯಿ ಇದ್ದದ್ದು ಎರಡನೇ ವರ್ಷ ಸಾವಿರಗಳಿಗೆ ಹೋಗುತ್ತದೆ.

ಈಗ ಲೆಕ್ಕ. ಜಿಎಸ್‌ಟಿ 18 ಪರ್ಸೆಂಟ್ ಸೇರಿ ಒಂದು ಡಾಟ್ ಕಾಮ್‌ಗೆ ವರ್ಷಕ್ಕೆ ಸುಮಾರು 1,300 ರೂಪಾಯಿ ಅಂತ ಇಟ್ಟುಕೊಳ್ಳಿ. ಐವತ್ತು ಹೆಸರಿಗೆ 65,000. ಈ ಕಸುಬಿನಲ್ಲಿ ಪಳಗಿದವರು ಹೇಳುವ ಲೆಕ್ಕ ಏನಪ್ಪಾ ಅಂದರೆ, ಚೆನ್ನಾಗಿ ಆರಿಸಿದ ಹೆಸರುಗಳಲ್ಲೂ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆ. ಐವತ್ತು ಇದ್ದರೆ ವರ್ಷಕ್ಕೆ ಒಂದು ಹೋದರೆ ದೊಡ್ಡದು. ಆ ಒಂದರಿಂದ 65,000 ಬಂದರೆ ಅಸಲು ಬಂತು ಅಷ್ಟೆ. ಅದಕ್ಕೇ ನಾನು ಯಾರು ಕೇಳಿದರೂ ಒಂದೇ ಮಾತು ಹೇಳುವುದು: ಹೆಸರು ಚೆನ್ನಾಗಿದೆ ಅಂತ ಕೊಳ್ಳಬೇಡಿ. ಇದನ್ನು ಯಾರು ಕೊಳ್ಳಬಹುದು ಅಂತ ಹತ್ತು ಅಂಗಡಿ ಅಥವಾ ಕಂಪನಿ ಹೆಸರನ್ನು ಹಾಳೆಯ ಮೇಲೆ ಬರೆಯಿರಿ. ಹತ್ತು ಸಿಕ್ಕರೆ ದುಡ್ಡು ಕಟ್ಟಿ. ಮೂರೇ ಸಿಕ್ಕವು ಅಂದರೆ ಬಿಟ್ಟುಬಿಡಿ.

ಹೆಸರು ಆರಿಸುವುದು

ಚಿಕ್ಕದಿರಬೇಕು, ಅಡ್ಡಗೆರೆ ಇರಬಾರದು, ಅಂಕಿ ಇರಬಾರದು. ಇದು ಎಲ್ಲರೂ ಹೇಳುವುದೇ. ನಮಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಒಂದೇ ದಾರಿ ಅಂತ ಇಲ್ಲ.

ಎರಡು ವರ್ಷದ ಹಿಂದೆ ಗಾಣದೆಣ್ಣೆ ಅನ್ನುವ ಪದ ಇರುವ ಒಂದು ಹೆಸರು ಖಾಲಿ ಇತ್ತು. ಊರೂರಲ್ಲಿ ಮರದ ಗಾಣ ಶುರು ಮಾಡಿದವರಿದ್ದಾರೆ, ಗಿರಾಕಿಗಳಿಗೆ ಕೊರತೆ ಇಲ್ಲ ಅಂತ ನನಗೆ ತುಂಬಾ ಆಸೆ ಆಯ್ತು. ಕೊಳ್ಳುವ ಮುಂಚೆ ಮನೆಯಲ್ಲಿ ನಾಲ್ಕು ಜನಕ್ಕೆ ಬಾಯಲ್ಲಿ ಹೇಳಿ, ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿ ಅಂದೆ. ಅಮ್ಮ ಗಾ ಅನ್ನುವುದಕ್ಕೆ ಒಂದೇ 'ಎ' ಹಾಕಿದರು, ತಮ್ಮ ಎರಡು 'ಎ' ಹಾಕಿದ. ಅಕ್ಕ ಎಣ್ಣೆಯ ಮುಂದೆ 'ವೈ' ಸೇರಿಸಿದಳು, ಮಗಳು ಕೊನೆಗೆ ಎರಡು 'ಇ' ಹಾಕಿದಳು. ನಾಲ್ಕು ಮೊಬೈಲು, ನಾಲ್ಕು ಬೇರೆ ಬೇರೆ ಹೆಸರು. ಅಂಗಡಿಯವರು ಈ ಹೆಸರನ್ನು ಬೋರ್ಡಿನಲ್ಲಿ ಬರೆಸಿ, ಗಿರಾಕಿಗೆ ಬಾಯಲ್ಲಿ ಹೇಳಿದರೆ ಆ ಗಿರಾಕಿ ಹೋಗಿ ಸೇರುವುದು ಇನ್ಯಾರದೋ ಸೈಟಿಗೆ. ಆವತ್ತಿನಿಂದ ಈ ಪರೀಕ್ಷೆ ಮಾಡದೆ ನಾನು ಕನ್ನಡ ಪದದ ಡೊಮೇನ್ ಕೊಂಡಿಲ್ಲ. ನಾಲ್ಕರಲ್ಲಿ ಮೂರು ಜನ ಒಂದೇ ಥರ ಬರೆದರೆ ಸರಿ. 'ಮನೆ' ಆಗುತ್ತದೆ, 'ನಮ್ಮ' ಆಗುತ್ತದೆ. 'ಊಟ' ಕಷ್ಟ, ಎರಡು 'ಓ' ಹಾಕುವವರೂ ಇದ್ದಾರೆ, ಒಂದೇ 'ಯು' ಹಾಕುವವರೂ ಇದ್ದಾರೆ.

ಊರಿನ ಹೆಸರಿನಲ್ಲೂ ಇದೇ ಕತೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬಳ್ಳಾರಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಈಗ ಎರಡೂ ಬಳಕೆಯಲ್ಲಿವೆ. ಹೊರಗಿನಿಂದ ಬರುವ ಪ್ರವಾಸಿ ಇವತ್ತಿಗೂ ಹಳೆಯ ಸ್ಪೆಲ್ಲಿಂಗಿನಲ್ಲೇ ಹುಡುಕುವುದು ಜಾಸ್ತಿ, ಸರ್ಕಾರಿ ಕಾಗದದಲ್ಲಿ, ಹೊಸದಾಗಿ ಶುರುವಾದ ಅಂಗಡಿಗಳಲ್ಲಿ ಹೊಸದು. ಹೋಟೆಲ್, ಹೋಂಸ್ಟೇ, ಟ್ಯಾಕ್ಸಿಗೆ ಸಂಬಂಧಪಟ್ಟ ಹೆಸರಾದರೆ ನಾನು ಹಳೆಯ ಸ್ಪೆಲ್ಲಿಂಗ್ ನೋಡುತ್ತೇನೆ. ಊರಿನವರೇ ಗಿರಾಕಿಗಳಾಗಿರುವ ವ್ಯಾಪಾರವಾದರೆ ಹೊಸದು. ಎರಡೂ ಖಾಲಿ ಇದ್ದರೆ ಎರಡನ್ನೂ ತೆಗೆದುಕೊಂಡು ಜೋಡಿಯಾಗಿ ಮಾರುವುದು ಒಳ್ಳೆಯದು, ಕೊಳ್ಳುವವರಿಗೂ ನೆಮ್ಮದಿ.

ಬಾಲದ ವಿಷಯಕ್ಕೆ ಬಂದರೆ ಮೊದಲು ಡಾಟ್ ಕಾಮ್, ಆಮೇಲೆ ಡಾಟ್ ಇನ್. ಡಾಟ್ ಇನ್‌ಗೆ ಗುರುತಿನ ದಾಖಲೆ ಕೇಳುತ್ತಾರೆ, ಸುಳ್ಳು ಹೆಸರು ವಿಳಾಸ ಕೊಡಬೇಡಿ. ಡಾಟ್ ಎಐ ಈಗ ಬಿಸಿಯಾಗಿದೆ, ಆದರೆ ಅದು ಅಂಗ್ವಿಲಾ ಅನ್ನುವ ಪುಟ್ಟ ದ್ವೀಪದ ಬಾಲ, ಕನಿಷ್ಠ 2 ವರ್ಷಕ್ಕೆ ಕಟ್ಟಬೇಕು, ದರವೂ ಜಾಸ್ತಿ. ಹೊಸಬರು ಅದರಿಂದ ಶುರು ಮಾಡುವುದು ಬೇಡ.

ಕನ್ನಡ ಲಿಪಿಯಲ್ಲೇ ಇರುವ ಡಾಟ್ ಭಾರತ ಬಗ್ಗೆ ತುಂಬಾ ಜನ ಕೇಳುತ್ತಾರೆ. ನನ್ನ ಹತ್ತಿರವೂ ಒಂದಿದೆ, ನಮ್ಮ ಮನೆತನದ ಹೆಸರು. ಬ್ರೌಸರಿನಲ್ಲಿ ಅದು ಕನ್ನಡದಲ್ಲಿ ಮೂಡಿದಾಗ ಆಗುವ ಖುಷಿ ಬೇರೆಯೇ. ಆದರೆ ಅದೇ ವಿಳಾಸವನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಎಷ್ಟೋ ಸಲ 'ಎಕ್ಸ್ ಎನ್', ಎರಡು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ, ಯಾಕಂದರೆ ಇಂಟರ್ನೆಟ್ಟಿನ ಒಳಗೆ ಕನ್ನಡ ಹೆಸರು ಹಾಗೆಯೇ ಓಡಾಡುವುದು. ನೋಡಿದವರು ಇದೇನೋ ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ಬಳಸುವುದಕ್ಕೆ, ಪ್ರೀತಿಗೆ ಖಂಡಿತ ತೆಗೆದುಕೊಳ್ಳಿ. ಮಾರುವುದಕ್ಕೆ ಅಂತ ಈಗಲೇ ಬೇಡ.

ಕಂಪನಿಗಳ ಹೆಸರು ಮುಟ್ಟಬೇಡಿ

ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡ ಕಂಪನಿ ಹೆಸರು ಖಾಲಿ ಇದೆ, ಎರಡು ಕಂಪನಿ ಒಂದಾಗುತ್ತವಂತೆ, ಮೊದಲೇ ಹಿಡಿದಿಟ್ಟುಕೊಂಡರೆ ಕೋಟಿ ಬರುತ್ತದೆ ಅನ್ನುವ ಯೋಚನೆ ಎಲ್ಲರಿಗೂ ಒಂದು ಸಲ ಬಂದೇ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಜಿಯೋಹಾಟ್‌ಸ್ಟಾರ್ ಹೆಸರಿನ ಡೊಮೇನ್ ಮೊದಲೇ ತೆಗೆದಿಟ್ಟಿದ್ದ ದೆಹಲಿಯ ಡೆವಲಪರ್ ಒಬ್ಬರು, ಕೇಂಬ್ರಿಡ್ಜಿನಲ್ಲಿ ಓದುವ ಖರ್ಚು ಕೊಡಿ ಅಂತ ಅದೇ ಪುಟದಲ್ಲಿ ಕೇಳಿಕೊಂಡ ಮೇಲೆ ಈ ಆಸೆ ಇನ್ನೂ ಜಾಸ್ತಿಯಾಗಿದೆ. ಕಾನೂನು ಹಾಗಿಲ್ಲ.

ನಮ್ಮ ಬೆಂಗಳೂರಿನಲ್ಲೇ ಶುರುವಾದ ಒಂದು ಕೇಸಿದೆ. ಸತ್ಯಂ ಇನ್ಫೋವೇ ಕಂಪನಿ ಸಿಫಿ ಅನ್ನುವ ಹೆಸರಿನಲ್ಲಿ 1999ರಿಂದ ವ್ಯವಹಾರ ಮಾಡುತ್ತಿತ್ತು. ಆಮೇಲೆ ಇನ್ನೊಂದು ಸಂಸ್ಥೆ ಸಿಫಿನೆಟ್ ಅಂತ ಡೊಮೇನ್ ತೆಗೆದುಕೊಂಡಿತು. ಇಲ್ಲಿನ ಸಿಟಿ ಸಿವಿಲ್ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆಯಿತು, ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟು ಸತ್ಯಂ ಕಡೆಗೇ ತೀರ್ಪು ಕೊಟ್ಟಿತು. ನಮ್ಮ ಐದು ಜನರ ಹೆಸರಿನ ಮೊದಲಕ್ಷರ ಸೇರಿಸಿ ಈ ಹೆಸರು ಮಾಡಿದ್ದು ಅಂತ ಆ ಸಂಸ್ಥೆ ವಾದ ಮಾಡಿತ್ತು, ಕೋರ್ಟು ಅದನ್ನು ನಂಬಲಿಲ್ಲ. ಟ್ರೇಡ್‌ಮಾರ್ಕಿಗೆ ಇರುವ ರಕ್ಷಣೆ ಡೊಮೇನ್ ಹೆಸರಿಗೂ ಸಿಗುತ್ತದೆ ಅನ್ನುವುದು ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಈ ತೀರ್ಪಿನಿಂದ.

ಕೋರ್ಟಿಗೆ ಹೋಗದೆಯೂ ಕಂಪನಿಗಳು ಹೆಸರು ಕಿತ್ತುಕೊಳ್ಳಬಹುದು. ಡಾಟ್ ಕಾಮ್‌ಗೆ ಯುಡಿಆರ್‌ಪಿ ಅಂತ ನಿಯಮ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ. ಯುಡಿಆರ್‌ಪಿಯಲ್ಲಿ ದೂರು ಕೊಟ್ಟ ಕಂಪನಿ ಮೂರು ವಿಷಯ ಸಾಬೀತು ಮಾಡಬೇಕು: ಹೆಸರು ಅವರ ಟ್ರೇಡ್‌ಮಾರ್ಕಿನ ಹಾಗೇ ಇದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿದ್ದೀರಿ. ಜಿನೀವಾದ ವೈಪೋದಲ್ಲಿ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ, ಇಂಥ ದೂರಿಗೆ ಕನಿಷ್ಠ ಶುಲ್ಕ 1,500 ಡಾಲರ್. ದೊಡ್ಡ ಕಂಪನಿಗೆ ಅದು ಲೆಕ್ಕವೇ ಅಲ್ಲ. ಆ ಕಂಪನಿಗೇ ನೀವು "ಇಷ್ಟು ಲಕ್ಷ ಕೊಟ್ಟರೆ ಹೆಸರು ಕೊಡುತ್ತೇನೆ" ಅಂತ ಬರೆದ ಈಮೇಲ್ ಇದೆಯಲ್ಲ, ಅದೇ ನಿಮ್ಮ ವಿರುದ್ಧ ಸಾಕ್ಷಿ. ನಿಮ್ಮ ಹೆಸರು ಸಾಮಾನ್ಯ ಪದಗಳಿಂದ ಆಗಿದ್ದರೆ, ಕಾಫಿ, ತೋಟ, ಬಾಡಿಗೆ, ರೇಷ್ಮೆ ಇಂಥವು, ಈ ಭಯ ಬಹುಮಟ್ಟಿಗೆ ಇಲ್ಲ. ಆದರೂ ಕೊಳ್ಳುವ ಮುಂಚೆ ಸರ್ಕಾರದ ಟ್ರೇಡ್‌ಮಾರ್ಕ್ ಸೈಟಿನಲ್ಲಿ ಒಂದು ಸಲ ಹುಡುಕಿ. ಐದು ನಿಮಿಷದ ಕೆಲಸ.

ಹಳೆಯ ಹೆಸರು ಹಿಡಿಯುವುದು

ಒಳ್ಳೆಯ ಡಾಟ್ ಕಾಮ್‌ಗಳು ಹೊಸದಾಗಿ ಸಿಗುವುದು ಕಡಿಮೆ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಡಾಟ್ ಕಾಮ್ ನೋಂದಣಿ ಆಯ್ತು, ಅದೇ ಮೊದಲನೆಯದು. ಅಲ್ಲಿಂದ 40 ವರ್ಷ ಜನ ಆರಿಸಿಕೊಂಡು ಉಳಿದದ್ದರಲ್ಲಿ ನಾವು ಹುಡುಕುತ್ತಿದ್ದೇವೆ. ಅದಕ್ಕೇ ಯಾರೋ ಕಟ್ಟದೆ ಬಿಟ್ಟ ಹೆಸರುಗಳ ಮೇಲೆ ಕಣ್ಣಿಡಬೇಕು. ಅವಧಿ ಮುಗಿದ ತಕ್ಷಣ ಹೆಸರು ಖಾಲಿಯಾಗುವುದಿಲ್ಲ. ಮೊದಲು ಹಳೆಯ ಮಾಲೀಕರಿಗೆ ಮಾಮೂಲಿ ದರದಲ್ಲೇ ಕಟ್ಟಲು ಹೆಚ್ಚೆಂದರೆ 45 ದಿನ, ರಿಜಿಸ್ಟ್ರಾರ್ ನೋಡಿ ಇದು ಕಡಿಮೆಯೂ ಇರಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಯಾರೂ ಏನೂ ಮಾಡುವ ಹಾಗಿಲ್ಲ, ಅದಾದ ಮೇಲೆ ಹೆಸರು ಬೀಳುತ್ತದೆ, ಅಂದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಡಾಟ್ ಕಾಮ್ ಬೀಳುವುದು ನಮ್ಮ ಮಧ್ಯರಾತ್ರಿಯ ಆಚೀಚೆ. ಎದ್ದು ಕೂತು ಕೈಯಲ್ಲಿ ಟೈಪ್ ಮಾಡಿ ಹಿಡಿಯುತ್ತೇನೆ ಅಂದುಕೊಳ್ಳಬೇಡಿ. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್ ಥರದ ಕಂಪನಿಗಳ ಯಂತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಿರುತ್ತವೆ. ಅಲ್ಲಿ ಮೊದಲೇ ಹೇಳಿಟ್ಟರೆ ಹಿಡಿದುಕೊಡುತ್ತಾರೆ, ಇಬ್ಬರು ಕೇಳಿದ್ದರೆ ಹರಾಜು. ಎಷ್ಟೋ ಹೆಸರು ಬೀಳುವ ಮುಂಚೆಯೇ ರಿಜಿಸ್ಟ್ರಾರ್‌ನ ಹರಾಜಿನಲ್ಲೇ ಹೋಗಿಬಿಡುತ್ತವೆ. ಹರಾಜಿಗೆ ಕೂರುವ ಮೊದಲು ಹೆಚ್ಚೆಂದರೆ ಎಷ್ಟು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅದರ ಮೇಲೆ ಒಂದು ರೂಪಾಯಿ ಏರಿಸಬೇಡಿ.

ಹಳೆಯ ಹೆಸರಿನ ಪೂರ್ವಾಪರ ನೋಡುವುದು ಮುಖ್ಯ. ವೇಬ್ಯಾಕ್ ಮೆಷಿನ್ ಅಂತ ಉಚಿತ ಸೈಟಿದೆ, ಹೆಸರು ಹಾಕಿದರೆ ಹತ್ತು ವರ್ಷದ ಹಿಂದೆ ಅಲ್ಲಿ ಏನಿತ್ತು ಅಂತ ತೋರಿಸುತ್ತದೆ. ಒಂದು ಒಳ್ಳೆಯ ಅಡುಗೆ ಹೆಸರು ಸಿಕ್ಕಿತು ಅಂತ ನೋಡಿದರೆ ನಡುವೆ ಮೂರು ವರ್ಷ ಜೂಜಿನ ಸೈಟಾಗಿತ್ತು. ಅಂಥದ್ದನ್ನು ಗೂಗಲ್ ಬೇಗ ನಂಬುವುದಿಲ್ಲ. ಬಿಟ್ಟೆ.

ಬೆಲೆ ಎಷ್ಟಿರಬಹುದು ಅನ್ನುವುದಕ್ಕೆ ತಾನಾಗಿ ಲೆಕ್ಕ ಹೇಳುವ ಸೈಟುಗಳನ್ನು ನಂಬಬೇಡಿ. ನೇಮ್‌ಬಯೋ ಅನ್ನುವ ಸೈಟಿನಲ್ಲಿ ನಿಜವಾಗಿ ಮಾರಾಟವಾದ ಹೆಸರುಗಳ ಬೆಲೆ ಇದೆ. ಅಲ್ಲಿ ನಿಮ್ಮ ಹೆಸರಿನಂಥದ್ದೇ ನಾಲ್ಕೈದು ಹುಡುಕಿ ನೋಡಿ.

ಕೈಯಲ್ಲಿಟ್ಟುಕೊಳ್ಳುವ ಕಾಲ

ನಾನು ಒಂದು ಹೆಸರು ಕಳೆದುಕೊಂಡಿದ್ದೇನೆ, ಅದು ಇವತ್ತಿಗೂ ಬೇಜಾರು. ಆಗ ನಾನಿದ್ದ ಕಂಪನಿಯ ಈಮೇಲ್ ಕೊಟ್ಟು ಅಕೌಂಟ್ ತೆರೆದಿದ್ದೆ. ಕೆಲಸ ಬಿಟ್ಟೆ, ಈಮೇಲ್ ಹೋಯ್ತು, ಕಾರ್ಡಿನ ಅವಧಿಯೂ ಮುಗಿದಿತ್ತು. ರಿನ್ಯೂವಲ್ ನೋಟಿಸುಗಳೆಲ್ಲ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದವು. ಮೂರು ತಿಂಗಳಾದ ಮೇಲೆ ಹೆಸರು ತೆರೆದು ನೋಡಿದರೆ ಬೇರೆಯವರ ಪುಟ. ನಾಲ್ಕು ವರ್ಷ ಕಟ್ಟಿಕೊಂಡು ಬಂದ ಹೆಸರು ಅದು. ಹಾಗಾಗಿ ಹೇಳುತ್ತಿದ್ದೇನೆ: ಡೊಮೇನ್‌ಗೆ ಅಂತಲೇ ಒಂದು ಸ್ವಂತ ಈಮೇಲ್ ಇಟ್ಟುಕೊಳ್ಳಿ, ಅದನ್ನು ಇನ್ನೆಲ್ಲೂ ಕೊಡಬೇಡಿ. ಹೊಸ ಹೆಸರು ತೆಗೆದಾಗ ಬರುವ ಈಮೇಲ್ ದೃಢೀಕರಣದ ಲಿಂಕನ್ನು 15 ದಿನದೊಳಗೆ ಒತ್ತದಿದ್ದರೆ ಹೆಸರು ತಾತ್ಕಾಲಿಕವಾಗಿ ನಿಂತುಹೋಗುತ್ತದೆ, ಅದನ್ನೂ ಮರೆಯಬೇಡಿ. ಅಕೌಂಟಿಗೆ ಎರಡು ಹಂತದ ಲಾಗಿನ್ ಹಾಕಿ, ಹೆಸರು ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಯಾವಾಗಲೂ ಆನ್ ಇರಲಿ. ಹತ್ತು ರಿಜಿಸ್ಟ್ರಾರ್ ಹತ್ತಿರ ಹಂಚಿಡದೆ ಒಂದೆರಡು ಕಡೆ ಮಾತ್ರ ಇಟ್ಟರೆ ದಿನಾಂಕ ನೋಡಿಕೊಳ್ಳುವುದು ಸುಲಭ.

ಹೆಸರನ್ನು ಸುಮ್ನೆ ಖಾಲಿ ಬಿಡಬೇಡಿ. ಅದನ್ನು ತೆರೆದ ತಕ್ಷಣ "ಈ ಹೆಸರು ಮಾರಾಟಕ್ಕಿದೆ" ಅನ್ನುವ ಒಂದು ಪುಟ ಕಾಣಬೇಕು. ಆಫ್ಟರ್ನಿಕ್, ಸೆಡೋ ಇಂಥ ಕಡೆ ಪಟ್ಟಿಗೆ ಹಾಕಿದರೆ ಆ ಪುಟ ಅವರೇ ಕೊಡುತ್ತಾರೆ, ಮಾರಾಟವಾದರೆ ಕಮಿಷನ್ ಹಿಡಿದುಕೊಳ್ಳುತ್ತಾರೆ. ಖಾಲಿ ಹೆಸರಿನ ಪುಟದಲ್ಲಿ ಜಾಹೀರಾತು ಹಾಕಿ ಸಂಪಾದಿಸುವ ಕಾಲ, ಇದಕ್ಕೆ ಪಾರ್ಕಿಂಗ್ ಅಂತಾರೆ, ಮುಗಿದಿದೆ.

ಮಾರುವ ದಿನ

ಮಾರಾಟ ಹೇಗಾಗುತ್ತದೆ ಅಂತ ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ, ಈಗ ಅದು ಅವರದ್ದು. ಒಂದು ಮಲೆನಾಡಿನ ಊರು, ಅದರ ಜೊತೆ ಕಾಫಿ. ನಾನು ಹಾಳೆಯಲ್ಲಿ ಬರೆದಿದ್ದ ಹತ್ತು ಗಿರಾಕಿಗಳಲ್ಲಿ ಏಳನೆಯವರು, ಕಾಫಿಪುಡಿ ಅಂಗಡಿಯವರು, ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಸರ್, ನಮ್ಮೂರ ಹೆಸರು ನಿಮ್ಮ ಹತ್ರ ಇದೆಯಂತೆ?"

"ಇದೆ ಸರ್. ಮಾರುವುದಕ್ಕೇ ಇಟ್ಟಿದ್ದೇನೆ."

"ಎಷ್ಟು ಹೇಳ್ತೀರಾ?"

45,000 ಅಂದೆ. ಅವರು 15 ಅಂದರು. ನಾನು ಕೂಡಲೇ ಇಳಿಸಲಿಲ್ಲ. ಪ್ಯಾಕೆಟ್ ಮೇಲೆ ಈಗ ಏನು ವಿಳಾಸ ಹಾಕುತ್ತಿದ್ದೀರಿ ಅಂತ ಕೇಳಿದೆ. ಅಡ್ಡಗೆರೆ ಇರುವ ಒಂದು ಉದ್ದದ ಹೆಸರು ಹೇಳಿದರು, ಹೇಳುವಾಗ ಅವರೇ ಒಂದು ಕಡೆ ತಡವರಿಸಿದರು. ಫೋನಿನಲ್ಲಿ ಆರ್ಡರ್ ಕೊಡುವವರು ಇದನ್ನು ಹೇಗೆ ಬರೆದುಕೊಳ್ಳುತ್ತಾರೆ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ದಿನ ಬಿಟ್ಟು 30,000ಕ್ಕೆ ಒಪ್ಪಿದೆವು. ಆಮೇಲೆ ಅವರ ತಂದೆ ಲೈನಿಗೆ ಬಂದು, "ಸೈಟು ಅಂದಮೇಲೆ ಪತ್ರ ಆಗಬೇಕಲ್ಲಪ್ಪ" ಅಂದರು. ಅದು ನ್ಯಾಯವಾದ ಮಾತೇ. ಛಾಪಾ ಕಾಗದದ ಮೇಲೆ ಒಂದು ಪುಟದ ಒಪ್ಪಂದ ಮಾಡಿದೆವು: ಹೆಸರು, ಬೆಲೆ, ದಿನಾಂಕ, ಹಕ್ಕು ಪೂರ್ತಿ ಅವರಿಗೆ. ಅವರು ನನ್ನ ರಿಜಿಸ್ಟ್ರಾರ್‌ನಲ್ಲೇ ಒಂದು ಅಕೌಂಟ್ ತೆರೆದರು. ದುಡ್ಡು ಬ್ಯಾಂಕಿಗೆ ಬಂದ ಮೇಲೆ, ಅವರು ಫೋನಿನಲ್ಲಿ ಇರುವಾಗಲೇ ಹೆಸರನ್ನು ಅವರ ಅಕೌಂಟಿಗೆ ತಳ್ಳಿದೆ. ಇದನ್ನು ಪುಶ್ ಅಂತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೇರೆ ರಿಜಿಸ್ಟ್ರಾರ್‌ಗೆ ಕಳಿಸಬೇಕಾದರೆ ಲಾಕ್ ತೆಗೆದು ಆಥ್ ಕೋಡ್ ಅನ್ನುವ ಗುಟ್ಟಿನ ಕೋಡ್ ಕೊಡಬೇಕು, ಐದಾರು ದಿನ ಹಿಡಿಯುತ್ತದೆ. ಹೊಸದಾಗಿ ನೋಂದಣಿಯಾದ ಅಥವಾ ಈಗಷ್ಟೇ ಬೇರೆ ಕಡೆಯಿಂದ ಬಂದ ಡಾಟ್ ಕಾಮ್ ಅನ್ನು 60 ದಿನ ಹಾಗೆ ಕಳಿಸಲು ಆಗುವುದಿಲ್ಲ, ಗಿರಾಕಿಗೆ ಮೊದಲೇ ಹೇಳಿ.

ಮುಖ ಪರಿಚಯ ಇಲ್ಲದವರ ಜೊತೆ, ಅದರಲ್ಲೂ ಹೊರದೇಶದವರ ಜೊತೆ, ಎಸ್ಕ್ರೋ ಇಲ್ಲದೆ ಮುಂದುವರಿಯಬೇಡಿ. ಎಸ್ಕ್ರೋ ಡಾಟ್ ಕಾಮ್‌ನಲ್ಲಿ ಕೊಳ್ಳುವವರು ದುಡ್ಡು ಇಡುತ್ತಾರೆ, ನೀವು ಹೆಸರು ಕಳಿಸುತ್ತೀರಿ, ಅವರು ಬಂತು ಅಂದ ಮೇಲೆ ದುಡ್ಡು ನಿಮಗೆ ಬರುತ್ತದೆ. ಗಿರಾಕಿ ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ, ಅದೇ ಥರ ಕಾಣುವ ನಕಲಿ ಸೈಟುಗಳಿವೆ. ಇನ್ನೊಂದು ಹಳೆಯ ಮೋಸ: ನಿಮ್ಮ ಹೆಸರಿಗೆ ಸಾವಿರಾರು ಡಾಲರ್ ಕೊಡುತ್ತೇನೆ ಅಂತಾರೆ, ಆದರೆ ಮೊದಲು ಇಂಥ ಕಡೆಯಿಂದಲೇ ಬೆಲೆಯ ಸರ್ಟಿಫಿಕೇಟ್ ತನ್ನಿ ಅಂತಾರೆ. ಆ ಸರ್ಟಿಫಿಕೇಟಿನ ಶುಲ್ಕವೇ ಅವರ ಸಂಪಾದನೆ. ಆಮೇಲೆ ಗಿರಾಕಿ ಮಾಯ. ಚೀನಾದಲ್ಲಿ ಯಾರೋ ನಿಮ್ಮ ಹೆಸರು ನೋಂದಣಿ ಮಾಡಿಸುತ್ತಿದ್ದಾರೆ, ತಕ್ಷಣ ನೀವೇ ತೆಗೆದುಕೊಳ್ಳಿ ಅಂತ ಬರುವ ಈಮೇಲೂ ಅದೇ ಜಾತಿ. ಎರಡಕ್ಕೂ ಉತ್ತರ ಬೇಡ.

ನೀವಾಗಿಯೇ ಗಿರಾಕಿಗೆ ಬರೆಯುವುದಾದರೆ ನಾಲ್ಕು ಸಾಲು ಸಾಕು. ಹೆಸರು ನನ್ನ ಹತ್ತಿರ ಇದೆ, ಬೆಲೆ ಇಷ್ಟು, ಬೇಕಿದ್ದರೆ ತಿಳಿಸಿ, ನನ್ನ ಫೋನ್ ನಂಬರ್ ಇದು. ನೀವು ಕೊಳ್ಳದಿದ್ದರೆ ಪಕ್ಕದ ಅಂಗಡಿಯವರಿಗೆ ಕೊಡುತ್ತೇನೆ ಅಂತ ಹೆದರಿಸುವುದು ಮಾಡಬೇಡಿ. ಸಣ್ಣ ವ್ಯಾಪಾರಿಗೆ ಅದು ಅವರ ಬದುಕು.

ಬಂದ ದುಡ್ಡನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಲೇಬೇಕು. ಕೊಂಡ ಬಿಲ್ಲು, ರಿನ್ಯೂವಲ್ ಬಿಲ್ಲು, ಮಾರಿದ ಇನ್‌ವಾಯ್ಸ್ ಎಲ್ಲ ಒಂದೇ ಫೋಲ್ಡರಿನಲ್ಲಿ ಇಡಿ. ಹೊರದೇಶದಿಂದ ಡಾಲರ್ ಬಂದರೆ ಬ್ಯಾಂಕಿನವರು ಇದು ಯಾವುದರ ದುಡ್ಡು ಅಂತ ಕೇಳುತ್ತಾರೆ, ಆಗ ಈ ಕಾಗದ ಬೇಕು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮಾರುತ್ತಿದ್ದರೆ ಒಬ್ಬ ಆಡಿಟರ್ ಹತ್ತಿರ ಒಂದು ಸಲ ಕೂತು ಮಾತಾಡಿ.

ವರ್ಷಕ್ಕೊಂದು ಸಲ, ನಾನು ಮಾರ್ಚ್ ಕೊನೆಗೆ ಮಾಡುತ್ತೇನೆ, ಎಲ್ಲ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದರ ಮುಂದೆ ಎರಡೇ ಪ್ರಶ್ನೆ: ಈ ವರ್ಷ ಯಾರಾದರೂ ಕೇಳಿದರಾ? ಹತ್ತು ಗಿರಾಕಿಗಳು ಈಗಲೂ ಇದ್ದಾರಾ? ಎರಡಕ್ಕೂ ಇಲ್ಲ ಅಂತ ಬಂದರೆ ಆಟೋ ರಿನ್ಯೂ ತೆಗೆದುಬಿಡುತ್ತೇನೆ. ಈ ಸಲ 31 ಹೆಸರು ಇದ್ದವು. 8 ಬಿಟ್ಟೆ. ಅದರಲ್ಲಿ ಎರಡು ನನಗೆ ತುಂಬಾ ಇಷ್ಟದವು, ಆದರೆ ನಾಲ್ಕು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ.